ಮೊದಲನೆಯ ಸಿಗರೇಟು



ಶಾಲೆಯಲ್ಲಿ ಓದುವ ಹದಿಹರೆಯದ ಮಕ್ಕಳು ಧೂಮಪಾನಕ್ಕೆ ತೊಡಗುವುದರ ಹಿಂದಿರುವ ಸಾಮಾಜಿಕ ಕಾರಣಗಳನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವನ್ನು ಕೇಳಿದೊಡನೆಯೇ, 'ಈತ ಇನ್ನು ಕಪ್ಪುಗಟ್ಟಿದ ಶ್ವಾಸಕೋಶದ ವರ್ಣನೆಗೆ ಇಳಿಯುತ್ತಾನೆ' ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಂಡಿರಬಹುದು. ಹಾಗೇನೂ ಇಲ್ಲ. ನಾನು ವೈದ್ಯನಲ್ಲ, ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿದವನು. ಹೊಗೆಸೊಪ್ಪು ದೇಹವನ್ನು ಏನು ಮಾಡುತ್ತದೆ ಎಂಬುದನ್ನು ಹೇಳಲು ನನಗಿಂತ ಬಲ್ಲವರಿದ್ದಾರೆ. ಅದು ಮಕ್ಕಳ ಕೈಗೆ ಹೇಗೆ ಬರುತ್ತದೆ, ಯಾರ ಕೈಯಿಂದ ಬರುತ್ತದೆ ಎಂಬುದನ್ನು ಮಾತ್ರ ನಾನು ಹತ್ತಿರದಿಂದ ಕಂಡಿದ್ದೇನೆ. ಹಾಗೆ ಕಂಡುದರಲ್ಲಿ ನನ್ನದೇ ಒಂದು ತಪ್ಪೂ ಸೇರಿದೆ. ಅದರಿಂದಲೇ ಆರಂಭಿಸುತ್ತೇನೆ.

1981ನೆಯ ಇಸವಿ. ಬಯಲುಸೀಮೆಯ ಒಂದು ಸಣ್ಣ ಊರಿನ ಪ್ರೌಢಶಾಲೆಗೆ ಹೊಸದಾಗಿ ಬಂದಿದ್ದೆ. ಉಪಾಧ್ಯಾಯರ ಕೊಠಡಿಯಲ್ಲಿ ಕುಳಿತು ಸಿಗರೇಟು ಸೇದುವುದು ಆಗ ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ನಾವು ನಾಲ್ವರು ಸೇದುತ್ತಿದ್ದೆವು. ಮಧ್ಯಾಹ್ನದ ಊಟವಾದ ಮೇಲೆ ಹತ್ತನೆಯ ತರಗತಿಯ ಒಬ್ಬ ಹುಡುಗನನ್ನು ಕರೆದು, ಕೈಗೆ ಚಿಲ್ಲರೆ ಕೊಟ್ಟು, ರಸ್ತೆಯಾಚೆಯ ಪೆಟ್ಟಿಗೆ ಅಂಗಡಿಯಿಂದ ಎರಡು ಸಿಗರೇಟು ತರಲು ಕಳಿಸುತ್ತಿದ್ದೆ. ಓಡಿಹೋಗಿ ಓಡಿಬರುತ್ತಿದ್ದ. ಓದಿನಲ್ಲಿ ಸಾಧಾರಣ, ಆಟದಲ್ಲಿಯೂ ಅಷ್ಟೇ. ಆದರೆ ನಂಬಬಹುದಾದ ಹುಡುಗ. ಮೇಷ್ಟ್ರು ಎಲ್ಲರನ್ನೂ ಬಿಟ್ಟು ತನ್ನನ್ನೇ ಕಳಿಸುತ್ತಾರೆಂಬ ಹೆಮ್ಮೆ ಅವನ ಮುಖದಲ್ಲಿ ಕಾಣುತ್ತಿತ್ತು. ಅದನ್ನು ಕಂಡು ನನಗೂ ಸಂತೋಷವಾಗುತ್ತಿತ್ತು.

ಒಂದು ದಿನ ಶಾಲೆಯ ಹಿಂಬದಿಯ ಹುಣಸೆಮರದ ಕೆಳಗೆ ಮೂವರು ಹುಡುಗರು ಒಂದೇ ಸಿಗರೇಟನ್ನು ಕೈಯಿಂದ ಕೈಗೆ ದಾಟಿಸುತ್ತ ಕುಳಿತಿದ್ದಾಗ ಸಿಕ್ಕಿಬಿದ್ದರು. ಅವರಲ್ಲಿ ಇವನೂ ಒಬ್ಬ. ಮರುದಿನ ಮುಖ್ಯೋಪಾಧ್ಯಾಯರು ಮೂವರನ್ನೂ ಪ್ರಾರ್ಥನೆಯ ಸಾಲುಗಳೆದುರಿಗೆ ನಿಲ್ಲಿಸಿ, 'ಎಲ್ಲಿಂದ ಬಂತೋ ಇದು?' ಎಂದರು. 'ಅಂಗಡಿಯಿಂದ ತಂದೆ, ಸಾರ್' ಎಂದ ಇವನು. 'ನಿನಗೆ ಅಂಗಡಿಯವನು ಹೇಗೋ ಕೊಟ್ಟ?' ಹುಡುಗ ಒಂದು ಗಳಿಗೆ ತಲೆಯೆತ್ತಿ ನನ್ನ ಕಡೆ ನೋಡಿದ. ಮತ್ತೆ ತಲೆ ತಗ್ಗಿಸಿದ. ಉತ್ತರ ಕೊಡಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅಂಗಡಿಯವನು ಏನೂ ಕೇಳಿರಲಾರ; ಎಂದಿನಂತೆ ಮೇಷ್ಟ್ರಿಗೇ ಇರಬೇಕೆಂದು ಕೊಟ್ಟಿರುತ್ತಾನೆ. ಹುಡುಗ ನನ್ನ ಮಾನ ಉಳಿಸಿದ. ನಾನು ಸುಮ್ಮನಿದ್ದೆ. ಅವನಿಗೆ ಬೆತ್ತದ ಏಟು ಬಿತ್ತು. ಒಂದು ವಾರ ಶಾಲೆಗೆ ಬರಕೂಡದೆಂದೂ ಆಯಿತು.

ವಾರ ಕಳೆದು ಬಂದಾಗ ಅವನ ಸುತ್ತ ಹುಡುಗರ ಗುಂಪು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದವನು ಶೂರನಾಗಿದ್ದ. ಏಟು ತಿಂದರೂ ಯಾರ ಹೆಸರನ್ನೂ ಹೇಳಲಿಲ್ಲವೆಂಬ ಕೀರ್ತಿ ಬೇರೆ. ನಾವು ಕೊಟ್ಟ ಶಿಕ್ಷೆ ಅವನಿಗೆ ಬಿರುದಾಗಿ ಪರಿಣಮಿಸಿತ್ತು. ಅಂದಿನಿಂದ ನಾನು ಹುಡುಗರನ್ನು ಅಂಗಡಿಗೆ ಕಳಿಸುವುದನ್ನು ನಿಲ್ಲಿಸಿದೆ. ನಾನೇ ಸೇದುವುದನ್ನು ನಿಲ್ಲಿಸಲು ಮತ್ತೆ ಎಂಟು ವರ್ಷ ಹಿಡಿಯಿತು.

ಈ ಘಟನೆಯನ್ನು ನಾನು ಆಮೇಲೆ ಬಹಳ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಮೊದಲನೆಯ ಸಿಗರೇಟು ಯಾರಿಗೂ ರುಚಿಸುವುದಿಲ್ಲ. ಗಂಟಲು ಉರಿಯುತ್ತದೆ, ಕೆಮ್ಮು ಬರುತ್ತದೆ, ತಲೆ ಸುತ್ತುತ್ತದೆ. ಹಲಸಿನ ಹಣ್ಣನ್ನೋ ಹೋಳಿಗೆಯನ್ನೋ ಕದ್ದು ತಿನ್ನುವ ಮಗುವಿನ ಆಸೆ ನಮಗೆ ಅರ್ಥವಾಗುತ್ತದೆ. ಕದ್ದು ಕೆಮ್ಮುವ ಆಸೆ ಎಲ್ಲಿಂದ ಬರುತ್ತದೆ? ಹುಡುಗನಿಗೆ ಬೇಕಾದದ್ದು ಹೊಗೆಯಲ್ಲ; ಆ ಮರದ ಕೆಳಗಿನ ಜಾಗ. ಮೂವರ ನಡುವೆ ತಾನೂ ಒಬ್ಬನೆಂಬ ಲೆಕ್ಕ. ಹೊಗೆ ಅದಕ್ಕೆ ತೆರಬೇಕಾದ ಸುಂಕ ಮಾತ್ರ. ಆದರೆ ಆ ಸುಂಕದಲ್ಲಿ ನಿಕೋಟಿನ್ ಎಂಬ ವಸ್ತುವಿದೆ. ಜೊತೆಗಾಗಿ ಆರಂಭಿಸಿದ್ದನ್ನು ಜೊತೆಯೆಲ್ಲ ಚದುರಿಹೋದ ಮೇಲೆಯೂ ಬಿಡದಂತೆ ಅದು ಹಿಡಿದು ನಿಲ್ಲಿಸುತ್ತದೆ.

ಇದು ಇಂದಿನ ಮಕ್ಕಳ ಚಪಲವೆಂದು ಭಾವಿಸಬೇಕಾಗಿಲ್ಲ. ಹೊಗೆಸೊಪ್ಪು ಮೊಗಲರ ಆಸ್ಥಾನವನ್ನು ಹೊಕ್ಕ ಕಥೆ ನಮ್ಮ ನಾಡಿನಿಂದಲೇ ಆರಂಭವಾಗುತ್ತದೆ. ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬವನು ಇಲ್ಲಿ ಹೊಗೆಸೊಪ್ಪನ್ನು ಕಂಡು ಬೆರಗಾಗಿ, ರತ್ನಖಚಿತವಾದ ಒಂದು ಕೊಳವೆಯೊಡನೆ ಅದನ್ನು ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಾದಶಹನಿಗೆ ಒಪ್ಪಿಸಿದ. ಅಕ್ಬರ್ ಕುತೂಹಲಕ್ಕೆಂದು ಒಂದೆರಡು ಬಾರಿ ಎಳೆದ. ಆಸ್ಥಾನದ ಹಕೀಮ ಬೇಡವೆಂದು ತಡೆದ. ಬಾದಶಹ ಆ ಅಭ್ಯಾಸಕ್ಕೆ ಬೀಳಲಿಲ್ಲ. ಆದರೆ ಅಸದ್ ಬೇಗ್ ಉಳಿದ ಸೊಪ್ಪನ್ನು ಕೆಲವು ಸರದಾರರಿಗೆ ಹಂಚಿದ. ಅಷ್ಟೇ ಸಾಕಾಯಿತು. ಅವರಿಗೆ ಸಿಕ್ಕಿದ್ದು ತಮಗೂ ಬೇಕೆಂದು ಉಳಿದವರೆಲ್ಲ ಕೇಳಿದರು, ವರ್ತಕರು ಮಾರತೊಡಗಿದರು, ಚಟ ಹಬ್ಬಿತು. 1617ರಲ್ಲಿ ಜಹಾಂಗೀರ್ ಇದನ್ನು ನಿಷೇಧಿಸಬೇಕಾಯಿತು. ಹಕೀಮನ ಮಾತು ಅಂದೂ ಸರಿಯಾಗಿಯೇ ಇತ್ತು. ಆದರೆ ಪಕ್ಕದವನ ಕೈಯಲ್ಲಿದ್ದ ಕೊಳವೆಯ ಮುಂದೆ ಅದು ನಿಲ್ಲಲಿಲ್ಲ. ದೊಡ್ಡ ದೊಡ್ಡ ಸರದಾರರ ಪಾಡೇ ಹೀಗಾದರೆ ಹದಿನಾಲ್ಕು ವರ್ಷದ ಹುಡುಗನ ಪಾಡೇನು?

ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಎಂಬುದು ನಮ್ಮ ಗಾದೆ. ಮಗ ಸಿಗರೇಟು ಸೇದಿ ಸಿಕ್ಕಿಬಿದ್ದಾಗ ತಂದೆತಾಯಿಗಳು ಶಾಲೆಗೆ ಬಂದು ಹೇಳುವುದೂ ಇದನ್ನೇ: 'ನಮ್ಮ ಹುಡುಗ ಒಳ್ಳೆಯವನೇ ಸಾರ್, ಜೊತೆಯವರು ಕೆಡಿಸಿದರು.' ಮೂವರ ತಂದೆತಾಯಿಗಳೂ ಈ ಮಾತನ್ನೇ ಹೇಳಿದರೆ ಕೆಡಿಸಿದವನು ಯಾರು? ಗೆಳೆಯರು ಒಬ್ಬರನ್ನೊಬ್ಬರು ಬದಲಾಯಿಸುತ್ತಾರೆಂಬುದು ನಿಜ; ತಮ್ಮಂಥವರನ್ನೇ ಹುಡುಕಿಕೊಂಡು ಗೆಳೆಯರಾಗುತ್ತಾರೆಂಬುದೂ ಅಷ್ಟೇ ನಿಜ. ಹದಿಹರೆಯದವರ ಗೆಳೆತನವನ್ನು ಅಭ್ಯಾಸ ಮಾಡಿದ ವಿದ್ವಾಂಸರು ಈ ಎರಡೂ ಶಕ್ತಿಗಳು ಕೂಡಿಯೇ ಕೆಲಸಮಾಡುತ್ತವೆಂದು ತೋರಿಸಿದ್ದಾರೆ. ಓದಿನಲ್ಲಿ ಹಿಂದೆ ಬಿದ್ದವನು, ಆಟದ ತಂಡಕ್ಕೆ ಆಯ್ಕೆಯಾಗದವನು, ಮನೆಯಲ್ಲಿ ಯಾರೂ ಮಾತನಾಡಿಸದವನು ತನಗೊಂದು ಜಾಗ ಕೊಡುವ ಗುಂಪನ್ನು ಅರಸುತ್ತ ಹೋಗುತ್ತಾನೆ. ಆ ಗುಂಪು ಕೇಳುವ ಬೆಲೆಯನ್ನು ಕೊಡುತ್ತಾನೆ. ಆದುದರಿಂದ ಗುಂಪನ್ನು ಬೈಯುವ ಮೊದಲು, ನಾವು ಅವನಿಗೆ ಬೇರೆಲ್ಲಿ ಜಾಗ ಕೊಟ್ಟಿದ್ದೆವು ಎಂದು ಕೇಳಿಕೊಳ್ಳುವುದು ಮೇಲು. ನಾನು ಹೇಳಿದ ಹುಡುಗನಿಗೆ ಶಾಲೆಯಲ್ಲಿ ಸಿಕ್ಕಿದ್ದ ಒಂದೇ ಗೌರವವೆಂದರೆ ಮೇಷ್ಟ್ರ ಸಿಗರೇಟು ತರುವುದು.

ಇಲ್ಲಿ ಇನ್ನೊಂದು ಭ್ರಮೆಯೂ ಸೇರುತ್ತದೆ. 'ಎಲ್ಲರೂ ಸೇದುತ್ತಾರೆ ಸಾರ್' ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಎಂದರೆ ಎಷ್ಟು ಮಂದಿ? 2019ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ 13ರಿಂದ 15 ವರ್ಷದ ಮಕ್ಕಳನ್ನು ಕುರಿತು ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ, ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪು ಬಳಸುತ್ತಿದ್ದವರು ನೂರಕ್ಕೆ 8.5. ಅರುಣಾಚಲ ಪ್ರದೇಶ, ಮಿಜೋರಾಂಗಳಲ್ಲಿ ಇದು 58ರಷ್ಟು ಇದ್ದರೆ, ಕರ್ನಾಟಕದಲ್ಲಿ ಕೇವಲ 1.2. ಎಂದರೆ ಸೇದದವರೇ ಬಹುಮಂದಿ. ಆದರೆ ಸೇದದಿರುವುದು ಕಣ್ಣಿಗೆ ಕಾಣುವುದಿಲ್ಲ, ಸೇದುವುದು ಕಾಣುತ್ತದೆ. ಮರದ ಕೆಳಗೆ ಮೂವರು ಹೊಗೆ ಬಿಟ್ಟರೆ, ಮೈದಾನದಲ್ಲಿ ಚೆಂಡಾಡುವ ಮುನ್ನೂರು ಮಂದಿಯನ್ನು ಯಾರೂ ಎಣಿಸುವುದಿಲ್ಲ. ಹುಡುಗ ಇಲ್ಲದ ಬಹುಮತವೊಂದಕ್ಕೆ ತಲೆಬಾಗುತ್ತಾನೆ.

ಹಾಗೆಂದು ಕರ್ನಾಟಕದವರು ನಿಶ್ಚಿಂತರಾಗಿ ಮಲಗುವಂತೆಯೂ ಇಲ್ಲ. 2016-17ರಲ್ಲಿ ನಡೆದ ಮತ್ತೊಂದು ಸಮೀಕ್ಷೆ, ನಮ್ಮ ರಾಜ್ಯದಲ್ಲಿ 15 ವರ್ಷ ಮೀರಿದವರ ಪೈಕಿ ನೂರಕ್ಕೆ 22.8 ಮಂದಿ ಹೊಗೆಸೊಪ್ಪಿನ ಬಳಕೆಯಲ್ಲಿರುವುದನ್ನು ಕಂಡಿತು. ಎರಡು ಸಮೀಕ್ಷೆಗಳ ಬಗೆ ಬೇರೆಯಾದರೂ, ಶಾಲೆಯ ಗೇಟಿನಿಂದ ಹೊರಗೆ ಕಾಲಿಟ್ಟ ಮೇಲೆ ಯಾವುದೋ ಒಂದು ಕೈ ನಮ್ಮ ಮಕ್ಕಳಿಗಾಗಿ ಕಾದಿದೆ ಎಂಬ ಅನುಮಾನ ಬಾರದಿರದು. ಅದೇ 2019ರ ಸಮೀಕ್ಷೆಯಲ್ಲಿ, ದೇಶದಲ್ಲಿ ಸಿಗರೇಟಿನ ರುಚಿ ನೋಡಿದ ಮಕ್ಕಳ ಪೈಕಿ ನೂರಕ್ಕೆ 38 ಮಂದಿ ಹತ್ತು ವರ್ಷ ತುಂಬುವ ಮೊದಲೇ ನೋಡಿದ್ದರು. ಹತ್ತು ವರ್ಷದ ಮಗುವಿಗೆ ಅದು ಮನೆ ಬೀದಿಗಳ ಸುತ್ತಿನಲ್ಲಿ ಅಲ್ಲದೆ ಬೇರೆಲ್ಲಿ ಸಿಕ್ಕೀತು?

ಮನೆಯ ಮಾತಿಗೆ ಬರೋಣ. ನಾನು ಹುಡುಗನಾಗಿದ್ದಾಗ ತಾತನ ಬೀಡಿಗೆ ಒಲೆಯಿಂದ ಕೆಂಡ ತಂದುಕೊಡುವ ಕೆಲಸ ನನ್ನದು. ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ತಂದೆಯವರು ತಾತನೆದುರಿಗೆ ಸೇದುತ್ತಿರಲಿಲ್ಲ. ತಾತ ಬಂದರೆ ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದರು. ಹಿರಿಯರೆದುರಿಗೆ ಸೇದಬಾರದೆಂಬುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಈ ಮರ್ಯಾದೆ ಮಗುವಿಗೆ ಏನನ್ನು ಕಲಿಸುತ್ತದೆಂದು ನಾವು ಯೋಚಿಸಿದವರಲ್ಲ. ಸಿಗರೇಟು ಕೆಟ್ಟದ್ದೆಂದು ಅದು ಕಲಿಸುವುದಿಲ್ಲ. ಸಿಗರೇಟು ದೊಡ್ಡವರದು ಎಂದು ಕಲಿಸುತ್ತದೆ. ತಾತ ಎಲ್ಲರೆದುರಿಗೂ ಸೇದಬಹುದು, ಅಪ್ಪ ತಾತನನ್ನು ಬಿಟ್ಟು ಉಳಿದವರೆದುರಿಗೆ ಸೇದಬಹುದು, ಮಗ ಯಾರೆದುರಿಗೂ ಸೇದಬಾರದು. ಇದೊಂದು ಏಣಿ. ಬೇಗ ದೊಡ್ಡವನಾಗಬೇಕೆಂಬ ಹುಡುಗ ಈ ಏಣಿಯ ಮೊದಲನೆಯ ಮೆಟ್ಟಿಲನ್ನು ಹುಣಸೆಮರದ ಕೆಳಗೆ ಹತ್ತುತ್ತಾನೆ.

ಮನೆಯ ಆಚೆ ಚಲನಚಿತ್ರವಿದೆ, ಕ್ರಿಕೆಟ್ ಇದೆ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದ ರಜನೀಕಾಂತ್ ತೆರೆಯ ಮೇಲೆ ಸಿಗರೇಟನ್ನು ಮೇಲಕ್ಕೆಸೆದು ತುಟಿಯಲ್ಲಿ ಹಿಡಿದಾಗ, ನನ್ನ ವಿದ್ಯಾರ್ಥಿಗಳು ಸೀಮೆಸುಣ್ಣದ ತುಂಡುಗಳನ್ನು ಎಸೆದೆಸೆದು ಅದನ್ನು ಅಭ್ಯಾಸ ಮಾಡುತ್ತಿದ್ದುದನ್ನು ಕಂಡಿದ್ದೇನೆ. ಅದೇ ಮಕ್ಕಳು, 'ಅಣ್ಣಾವ್ರು ಸಿಗರೇಟು ಮುಟ್ಟೋದಿಲ್ಲ' ಎಂದು ರಾಜಕುಮಾರ್ ಅವರ ವಿಷಯದಲ್ಲಿ ಅಭಿಮಾನದಿಂದ ವಾದಿಸುತ್ತಿದ್ದುದನ್ನೂ ಕೇಳಿದ್ದೇನೆ. ನಾಯಕನ ಕೈಯಲ್ಲಿ ಏನಿದೆಯೆಂಬುದನ್ನು ಮಕ್ಕಳು ನಾವೆಣಿಸುವುದಕ್ಕಿಂತ ಸೂಕ್ಷ್ಮವಾಗಿ ಗಮನಿಸುತ್ತಾರೆ. ಎಂದೂ ಸೇದದ 10ರಿಂದ 14 ವರ್ಷದ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಅಮೆರಿಕದ ಮಕ್ಕಳನ್ನು ಕೆಲಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಚಲನಚಿತ್ರಗಳಲ್ಲಿ ಧೂಮಪಾನವನ್ನು ಅತಿ ಹೆಚ್ಚು ಕಂಡವರು, ಅತಿ ಕಡಿಮೆ ಕಂಡವರಿಗಿಂತ ಎರಡೂವರೆ ಪಟ್ಟಿಗೂ ಮೀರಿ ಸೇದತೊಡಗಿದ್ದರು. ನಮ್ಮ ದೇಶದಲ್ಲಿ 2012ರ ಅಕ್ಟೋಬರಿನಿಂದ ಇಂಥ ದೃಶ್ಯಗಳ ಕೆಳಗೆ ಎಚ್ಚರಿಕೆಯ ಸಾಲು ಬರಬೇಕೆಂಬ ನಿಯಮ ಬಂದಿತು. ಒಳ್ಳೆಯದೇ. ಆದರೆ ಹುಡುಗ ನೋಡುವುದು ನಾಯಕನ ಮುಖವನ್ನೋ ಅಡಿಸಾಲನ್ನೋ?

ಕ್ರಿಕೆಟ್ಟಿನ ಕಥೆ ಇನ್ನೂ ಕುತೂಹಲಕರವಾದದ್ದು. 1996ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದೊಡನೆ ನಡೆದ ವಿಶ್ವಕಪ್ ಪಂದ್ಯ, ಅದರಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲನ ವಿಕೆಟ್ಟನ್ನು ಉರುಳಿಸಿದ ಆ ಚೆಂಡು ಯಾರಿಗೆ ನೆನಪಿಲ್ಲ? ಆ ವಿಶ್ವಕಪ್ಪಿನ ಹೆಸರೇ ಒಂದು ಸಿಗರೇಟಿನ ಹೆಸರಾಗಿತ್ತೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ನಮ್ಮ ಆಟಗಾರರ ಎದೆಯ ಮೇಲೂ ಆ ಹೆಸರೇ ಇತ್ತು. ಅದೇ 1996ರಲ್ಲಿ ನೆರೆಯ ಗೋವೆಯ ವೈದ್ಯರು, ಸಿಗರೇಟು ಕಂಪನಿ ಪ್ರಾಯೋಜಿಸಿದ್ದ ಭಾರತ-ನ್ಯೂಜಿಲೆಂಡ್ ಸರಣಿಯ ಪರಿಣಾಮವನ್ನು ಅಲ್ಲಿನ ಶಾಲಾಮಕ್ಕಳಲ್ಲಿ ಪರೀಕ್ಷಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬರೆದರು. ಆಟಕ್ಕೂ ಸಿಗರೇಟಿಗೂ ಇಲ್ಲದ ನಂಟನ್ನು ಮಕ್ಕಳು ಕಲ್ಪಿಸಿಕೊಂಡಿದ್ದರು. ಆ ಕಲ್ಪನೆಯೇ ಅವರನ್ನು ಒಮ್ಮೆ ಸೇದಿನೋಡಲು ಪ್ರೇರಿಸಿತ್ತು. ಇವರು ಹೊಗೆಸೊಪ್ಪಿನ ಕೇಡನ್ನು ಅರಿಯದ ಮಕ್ಕಳಲ್ಲ, ಚೆನ್ನಾಗಿ ಅರಿತಿದ್ದವರು. ನನ್ನ ಇಂದಿನ ಭಾಷಣದ ತಿರುಳೂ ಇದೇ. ಅರಿವು ಸಾಲದು. ಆ ಪ್ರಾಯೋಜಕತ್ವ 2001ರಲ್ಲಿ ಕೊನೆಗೊಂಡಿತು. ಆದರೆ ಏಲಕ್ಕಿಯ ಹೆಸರಿನಲ್ಲಿ, ಪಾನ್ ಮಸಾಲೆಯ ಹೆಸರಿನಲ್ಲಿ ಅದೇ ತಾರೆಯರ ಮುಖಗಳು ಮಕ್ಕಳ ಕೈಯಲ್ಲಿರುವ ಫೋನಿನವರೆಗೂ ಬಂದಿವೆ.

ಹೆಣ್ಣುಮಕ್ಕಳನ್ನು ಕುರಿತು ಒಂದು ಮಾತು. 2019ರ ಸಮೀಕ್ಷೆಯಲ್ಲಿ ಹುಡುಗರು ನೂರಕ್ಕೆ 9.6 ಇದ್ದರೆ ಹುಡುಗಿಯರು 7.4, ಅಂತರ ದೊಡ್ಡದಲ್ಲ. ಹುಡುಗ ಸೇದಿದರೆ ಚಟ, ಹುಡುಗಿ ಸೇದಿದರೆ ಶೀಲದ ಪ್ರಶ್ನೆ ಎಂದು ನಾವು ಕೂಗಿದಷ್ಟೂ ಸಿಗರೇಟು ಅವರಿಗೆ ಬಿಡುಗಡೆಯ ಬಾವುಟವಾಗಿ ಕಾಣುತ್ತದೆ. 1929ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರನಿಪುಣ, ಬೀದಿಯ ಮೆರವಣಿಗೆಯಲ್ಲಿ ತರುಣಿಯರಿಂದ ಸಿಗರೇಟು ಸೇದಿಸಿ ಅದನ್ನು ಸ್ವಾತಂತ್ರ್ಯದ ಪಂಜು ಎಂದು ಕರೆಸಿದ. ಹಣ ಕೊಟ್ಟದ್ದು ಸಿಗರೇಟು ಕಂಪನಿ. ಪಂಜು ಯಾರದೆಂದು ಹುಡುಗಿಯರಿಗೆ ತಿಳಿಸಿದರೆ ಸಾಕು, ಬೈಗುಳ ಬೇಕಿಲ್ಲ.

ಹಾಗಾದರೆ ಶಾಲೆ ಏನು ಮಾಡಬಹುದು? ಕಾನೂನು ತನ್ನ ಪಾಲಿನದನ್ನು ಮಾಡಿದೆ. 2003ರ ಕಾಯಿದೆ 18 ವರ್ಷದೊಳಗಿನವರಿಗೆ, ಹಾಗೂ ಶಾಲೆಯ ನೂರು ಗಜದೊಳಗೆ ಮಾರಾಟವನ್ನು ತಡೆಯಿತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು ಆ ವಯಸ್ಸನ್ನು 21ಕ್ಕೆ ಏರಿಸಿತು. ಬಿಡಿ ಸಿಗರೇಟಿನ ಮಾರಾಟವನ್ನೂ ನಿಷೇಧಿಸಿತು. ಹುಡುಗನ ಕೈಯಲ್ಲಿ ಒಂದು ಸಿಗರೇಟಿಗೆ ಆಗುವಷ್ಟು ಚಿಲ್ಲರೆ ಇರುತ್ತದೆಯೇ ಹೊರತು ಇಡೀ ಪೊಟ್ಟಣಕ್ಕೆ ಆಗುವಷ್ಟು ಇರುವುದಿಲ್ಲವಾದ್ದರಿಂದ ಇದು ಸಣ್ಣ ಮಾತಲ್ಲ. ಆದರೆ ಕಾನೂನು ಅಂಗಡಿಯ ಮುಂದೆ ನಿಲ್ಲಬಲ್ಲದು. ಮರದ ಕೆಳಗಿನ ಗುಂಪಿನೊಳಗೆ ಹೋಗಿ ಕೂರಲಾರದು.

ಅಲ್ಲಿ ಕೂರಬಲ್ಲವರು ಮಕ್ಕಳೇ. ಇದನ್ನು ಮೊದಲು ಗುರುತಿಸಿದವರಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಇವಾನ್ಸ್ ಒಬ್ಬರು. ರೋಗದ ಭಯ ಹುಟ್ಟಿಸಿದರೆ ಮಕ್ಕಳು ಭಯಪಡುತ್ತಾರೆ, ಆದರೂ ಸೇದುತ್ತಾರೆ ಎಂಬುದನ್ನು 1970ರ ದಶಕದಲ್ಲಿ ಅವರು ಕಂಡರು. ಐವತ್ತನೆಯ ವಯಸ್ಸಿನ ಕ್ಯಾನ್ಸರು ಹದಿನಾಲ್ಕರ ಹುಡುಗನಿಗೆ ಇನ್ನಾರದೋ ಕಥೆ. ನಾಳೆ ಬೆಳಿಗ್ಗೆ ಗೆಳೆಯರು ನಗುತ್ತಾರೆಂಬುದು ಅವನದೇ ಕಥೆ. ಆದುದರಿಂದ ಸಿಡುಬಿಗೆ ಲಸಿಕೆ ಹಾಕುವಂತೆ, ನಾಳೆ ಬರಲಿರುವ ಒತ್ತಾಯವನ್ನು ಇಂದೇ ಸ್ವಲ್ಪ ಸ್ವಲ್ಪವಾಗಿ ತೋರಿಸಿ, ಅದಕ್ಕೆ ಉತ್ತರ ಕೊಡುವುದನ್ನು ಕಲಿಸಬೇಕೆಂದು ಅವರು ಹೊರಟರು. ಅದೇ ದಾರಿಯಲ್ಲಿ ಮುಂದುವರಿದ ಒಂದು ಪ್ರಯೋಗ ನಮ್ಮಲ್ಲಿಯೇ ನಡೆಯಿತು. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈಗಳ 32 ಶಾಲೆಗಳಲ್ಲಿ 'ಮೈತ್ರಿ' ಎಂಬ ಹೆಸರಿನ ಕಾರ್ಯಕ್ರಮವನ್ನು ಪರೀಕ್ಷಿಸಿದರು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳ ನಡುವಿನಿಂದಲೇ ಮುಂದಾಳುಗಳನ್ನು ಆರಿಸಿ, ಅವರ ಮೂಲಕ ಆಟ, ಚರ್ಚೆ, ಪಾತ್ರಾಭಿನಯಗಳನ್ನು ನಡೆಸಿದರು. ಮನೆಗೂ ಕಾಗದ ಬರೆದರು. ಎರಡು ವರ್ಷಗಳಲ್ಲಿ ಆ ಶಾಲೆಗಳಲ್ಲಿ ಹೊಗೆಸೊಪ್ಪಿನ ಬಳಕೆ ಶೇಕಡ 17ರಷ್ಟು ಇಳಿಯಿತು. ಉಳಿದ ಶಾಲೆಗಳಲ್ಲಿ ಶೇಕಡ 68ರಷ್ಟು ಏರಿತು. ಸಹವಾಸದಿಂದ ಕೆಡುವ ಸನ್ಯಾಸಿ ಸಹವಾಸದಿಂದಲೇ ಉಳಿಯಲೂಬಲ್ಲ ಎಂದಾಯಿತಲ್ಲವೆ?

ನಿವೃತ್ತನಾಗುವ ಮುಂಚಿನ ಕೆಲವು ವರ್ಷ ನಾನೂ ಕನ್ನಡದ ತರಗತಿಯಲ್ಲಿ ಇಂಥದೊಂದು ಸಣ್ಣ ಪ್ರಯತ್ನ ಮಾಡಿದೆ. ಪ್ರಬಂಧ ಬರೆಸುವುದನ್ನು ಬಿಟ್ಟು ಸಂಭಾಷಣೆ ಬರೆಸಿದೆ. 'ಗೆಳೆಯನೊಬ್ಬ ಸಿಗರೇಟು ಚಾಚುತ್ತಾನೆ. ಗೆಳೆತನ ಕೆಡದಂತೆ ಬೇಡವೆನ್ನು.' ಮೊದಲ ವರ್ಷ ಎಲ್ಲರೂ ಪುಸ್ತಕದ ಭಾಷೆಯಲ್ಲಿ ನೀತಿಬೋಧೆ ಬರೆದರು. ಅದನ್ನು ಅಭಿನಯಿಸಿ ತೋರಿಸಿ ಎಂದಾಗ ತರಗತಿಯೇ ನಕ್ಕಿತು. ಆಮೇಲೆ ಅವರದೇ ಮಾತು ಹೊರಬಂತು: 'ಬೇಡ ಕಣೋ, ಮ್ಯಾಚ್ ಇದೆ, ಓಡಬೇಕು', 'ನೀನು ಸೇದು, ನಾನು ಇಲ್ಲೇ ಕೂತಿರ್ತೀನಿ.' ಈ ಎರಡನೆಯ ಮಾತನ್ನು ಒಬ್ಬ ಹುಡುಗಿ ಬರೆದಿದ್ದಳು. ಸೇದದೆಯೂ ಜೊತೆಗೆ ಕೂರಬಹುದೆಂಬ ಈ ಒಂದು ವಾಕ್ಯ ನನ್ನ ಎಲ್ಲ ಬೋಧನೆಗಿಂತ ದೊಡ್ಡದೆನಿಸಿತು.

ಬಿಡುವುದರಲ್ಲಿಯೂ ಜೊತೆಯ ಮಾತೇ ಮುಖ್ಯ. ನಾವು ನಾಲ್ವರು ಮೇಷ್ಟ್ರುಗಳಲ್ಲಿ ಒಬ್ಬರು ಮೊದಲು ಬಿಟ್ಟರು, ಮರುವರ್ಷ ಇನ್ನೊಬ್ಬರು. ಆ ಕೊಠಡಿಯಲ್ಲಿ ಸಿಗರೇಟು ಹಚ್ಚುವುದು ನನಗೆ ಮುಜುಗರವಾಗತೊಡಗಿತು. ನನ್ನ ಸಂಕಲ್ಪಬಲದಿಂದ ಬಿಟ್ಟೆನೆಂದು ಬಹುಕಾಲ ಬೀಗಿದ್ದೆ. ಅಮೆರಿಕದ ಒಂದು ಊರಿನ ಸುಮಾರು ಹನ್ನೆರಡು ಸಾವಿರ ಜನರ ಸಂಬಂಧಜಾಲವನ್ನು ಮೂವತ್ತೆರಡು ವರ್ಷಗಳ ಅವಧಿಯಲ್ಲಿ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದ ಮೇಲೆ ಆ ಗರ್ವವೂ ಇಳಿಯಿತು. ಜನ ಒಬ್ಬೊಬ್ಬರಾಗಿ ಬಿಡುವುದಿಲ್ಲ, ಗುಂಪುಗುಂಪಾಗಿ ಬಿಡುತ್ತಾರೆ ಎಂದು ಅದು ತೋರಿಸಿತ್ತು.

ಕೊನೆಯದಾಗಿ ಆ ಹುಡುಗನ ವಿಷಯ. 2009ರಲ್ಲಿ ಅದೇ ಊರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಕೂದಲು ನರೆತಿತ್ತು. ನನ್ನನ್ನು ಕಂಡೊಡನೆ ಕೈಯಲ್ಲಿದ್ದ ಸಿಗರೇಟನ್ನು ಕೆಳಗೆ ಹಾಕಿ ಕಾಲಿನಿಂದ ಹೊಸಕಿ, ಕೈಮುಗಿದ. ಅಂದು ಆಡಬೇಕಾಗಿದ್ದ ಮಾತನ್ನು ಇಪ್ಪತ್ತೆಂಟು ವರ್ಷ ತಡವಾಗಿ ಆಡಿದೆ. 'ಅವತ್ತು ಮುಂದೆ ಬಂದು ನಿಲ್ಲಬೇಕಾಗಿದ್ದವನು ನಾನಪ್ಪ' ಎಂದೆ. 'ಅದೆಲ್ಲಾ ಯಾಕೆ ಸಾರ್ ಈಗ' ಎಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಬಸ್ಸು ಬಂದಾಗ ನನ್ನ ಚೀಲವನ್ನು ಎತ್ತಿಕೊಡುತ್ತ ಹೇಳಿದ: 'ಬಿಡಕ್ಕೆ ಎಷ್ಟೋ ಸಲ ನೋಡ್ದೆ ಸಾರ್, ಆಗ್ಲಿಲ್ಲ. ಆದ್ರೆ ಮಗನ್ನ ಮಾತ್ರ ಯಾವತ್ತೂ ಅಂಗಡಿಗೆ ಕಳ್ಸಿಲ್ಲ. ನಾನೇ ಹೋಗ್ತೀನಿ.'

ನಾನು ಅವನಿಗೆ ಕಲಿಸದ ಪಾಠವನ್ನು ಅವನೇ ಕಲಿತಿದ್ದ. ನಮ್ಮಲ್ಲಿ ಸೇದುವ ಹಿರಿಯರೆಲ್ಲ ನಾಳೆಯೇ ಬಿಡಲಾರರು. ಆ ಕಷ್ಟ ನನಗೆ ಗೊತ್ತು. ಮಕ್ಕಳ ಕೈಗೆ ಚಿಲ್ಲರೆ ಕೊಟ್ಟು ಕಳಿಸದಿರುವಷ್ಟನ್ನು ಎಲ್ಲರೂ ಇಂದೇ ಮಾಡಬಹುದು.



(ಬಾನುಲಿ ಭಾಷಣ)